ಮೂವತ್ತು ಸಲ ಕಾಲು ಸುತ್ತು

ಜನವರಿಯ ರಾತ್ರಿ ಹನ್ನೊಂದರ ಹೊತ್ತಿಗೆ ಗ್ಯಾರೇಜಿನಲ್ಲಿ ಪಟಾಕಿ ಸಿಡಿದಂಥ ಸದ್ದು. ಮಿನ್ನೆಸೋಟದ ಚಳಿ, ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಹೋಗಿ ನೋಡಿದೆ, ಏನೂ ಬಿದ್ದಿರಲಿಲ್ಲ. ಬೆಳಿಗ್ಗೆ ಬಟನ್ ಒತ್ತಿದರೆ ಬಾಗಿಲು ಒಂದು ಗೇಣು ಎದ್ದು ನಿಂತುಬಿಟ್ಟಿತು. ತಲೆ ಎತ್ತಿದಾಗ ಕಂಡಿತು: ಬಾಗಿಲ ಮೇಲಿನ ಶಾಫ್ಟಿನಲ್ಲಿ ಎಡಗಡೆಯ ಸ್ಪ್ರಿಂಗು ತುಂಡಾಗಿ, ಮಧ್ಯೆ ಎರಡು ಬೆರಳಿನಷ್ಟು ಸಂದು ಬಿಟ್ಟಿತ್ತು.

ಬಾಗಿಲು ಎತ್ತುವುದು ಮೋಟಾರು ಅಂದುಕೊಂಡಿದ್ದೆ. ಅಲ್ಲ, ಭಾರ ಹೊರುವುದು ಸ್ಪ್ರಿಂಗು. ಶಿವಮೊಗ್ಗದಲ್ಲಿ ಅಪ್ಪನ ಅಂಗಡಿಯ ಶಟರೂ ಹಾಗೇ ಅಲ್ವಾ? ಅಷ್ಟು ಭಾರದ ತಗಡನ್ನು ಅಪ್ಪ ಒಂದೇ ಕೈಯಲ್ಲಿ ಮೇಲೆ ತಳ್ಳುತ್ತಿದ್ದರು. ಫೋನ್ ಮಾಡಿದೆ. "ಸುತ್ತಿದ ಸ್ಪ್ರಿಂಗು ಹಾವಿದ್ದ ಹಾಗೆ ಕಣಮ್ಮ. ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ನಿಂತ್ಕೋ" ಅಂದರು.

ಹೊಸದು ತರಿಸಲು ಅಳತೆ ಬೇಕು. ಮುರಿದ ಸ್ಪ್ರಿಂಗಿನಲ್ಲಿ 20 ಸುತ್ತು ಎಣಿಸಿ ಟೇಪ್ ಹಿಡಿದೆ, 5 ಇಂಚು. ಅಂದರೆ ತಂತಿಯ ದಪ್ಪ ಕಾಲು ಇಂಚು. ಒಳಗಿನ ಅಗಲ 2 ಇಂಚು. ಉದ್ದವನ್ನೂ ಬರೆದುಕೊಂಡೆ. ಎಡದ್ದು, ಬಲದ್ದು ಎದುರುಬದುರಾಗಿ ಸುತ್ತಿರುತ್ತವೆ, ಅದನ್ನೂ ನೋಡಿಕೊಳ್ಳಬೇಕು. ನಾನು ಎರಡನ್ನೂ ತರಿಸಿದೆ. ಸಾಮಾನ್ಯ ಸ್ಪ್ರಿಂಗು ಸುಮಾರು 10,000 ಸಲ ತೆರೆದು ಮುಚ್ಚುವವರೆಗೆ ಬಾಳುತ್ತದೆ. ದಿನಕ್ಕೆ ನಾಲ್ಕು ಸಲ ಅಂದರೆ ಏಳು ವರ್ಷದ ಹತ್ತಿರ. ಒಂದು ಮುರಿದರೆ ಜೊತೆಯದ್ದೂ ಅಷ್ಟೇ ದುಡಿದಿರುತ್ತದೆ.

ನಿಜವಾದ ಭಯ ಇದ್ದದ್ದು ಮುರಿಯದ ಸ್ಪ್ರಿಂಗನ್ನು ಬಿಚ್ಚುವಾಗ. ಅದರಲ್ಲಿ ಬಿಗಿ ಪೂರ್ತಿ ಹಾಗೇ ಇರುತ್ತದೆ. ಬಾಗಿಲು ತೆರೆಯುವ ಮೋಟಾರಿನ, ಅಂದರೆ ಓಪನರಿನ ಪ್ಲಗ್ ತೆಗೆದು, ಬಾಗಿಲು ಮುಚ್ಚಿ, ಅದು ಏಳದಂತೆ ಹಳಿಗೆ ಕ್ಲ್ಯಾಂಪ್ ಹಾಕಿದೆ. ಅರ್ಧ ಇಂಚು ದಪ್ಪ, 18 ಇಂಚು ಉದ್ದದ ಎರಡು ಉಕ್ಕಿನ ಸರಳು ಬೇಕೇ ಬೇಕು. ದಯವಿಟ್ಟು ಸ್ಕ್ರೂಡ್ರೈವರ್ ಹಾಕಬೇಡಿ. ಅದು ಜಾರಿದರೆ ಕೈಮುಖ ಉಳಿಯುವುದಿಲ್ಲ. ಒಂದು ಸರಳನ್ನು ಸ್ಪ್ರಿಂಗಿನ ತುದಿಯ ಲೋಹದ ಬಿರಡೆಯಲ್ಲಿರುವ ತೂತಿಗೆ ಕೊನೆಯವರೆಗೂ ತೂರಿಸಿ, ಭಾರ ಕೈಗೆ ಬಂದ ಮೇಲೆಯೇ ಆ ಬಿರಡೆಯನ್ನು ಶಾಫ್ಟಿಗೆ ಹಿಡಿದಿಟ್ಟ ಸ್ಕ್ರೂ ಸಡಿಲಿಸಿದೆ. ಆ ಒತ್ತಡ ಭುಜದವರೆಗೂ ಬಂತು. ಸರಿಯಾದ ಸರಳು ಇಲ್ಲದವರು, ಒಂಟಿಯಾಗಿರುವವರು ಇಲ್ಲಿಗೇ ನಿಲ್ಲಿಸಿ, ಕೆಲಸ ಬಲ್ಲವರನ್ನು ಕರೆಸಿ.

ಹೊಸದನ್ನು ಸುತ್ತುವಾಗ ನನ್ನವರು ಜೋರಾಗಿ ಎಣಿಸುತ್ತಿದ್ದರು. 7 ಅಡಿ ಎತ್ತರದ ಬಾಗಿಲಿಗೆ ಒಂದೊಂದು ಸ್ಪ್ರಿಂಗಿಗೂ 30 ಸಲ ಕಾಲು ಸುತ್ತು. ಮಾತು ಬೇರೆ ಕಡೆ ಹೋದರೆ ಲೆಕ್ಕ ತಪ್ಪುತ್ತದೆ ಅಂತ ಮಕ್ಕಳನ್ನು ಒಳಗೇ ಕೂರಿಸಿದ್ದೆವು.

ಆಮೇಲೆ ಕ್ಲ್ಯಾಂಪ್ ತೆಗೆದೆ. ಓಪನರಿನ ಕೆಂಪು ಹಗ್ಗ ಎಳೆದು ಬಿಡಿಸಿ, ಬಾಗಿಲನ್ನು ಕೈಯಿಂದಲೇ ಅರ್ಧಕ್ಕೆ ಎತ್ತಿ ಬಿಟ್ಟೆ. ಮೆಲ್ಲಗೆ ಇಳಿಯಿತು. ಅಂದರೆ ಬಿಗಿ ಸಾಲದು. ಮತ್ತೆ ಮುಚ್ಚಿ, ಕ್ಲ್ಯಾಂಪ್ ಹಾಕಿ, ಎರಡೂ ಕಡೆ ಇನ್ನೊಂದು ಕಾಲು ಸುತ್ತು ಕೊಟ್ಟೆ.

ಈ ಸಲ ಅಪ್ಪನಿಗೆ ವಿಡಿಯೊ ಕರೆ ಮಾಡಿ, ಬಾಗಿಲನ್ನು ಸೊಂಟದ ಮಟ್ಟಕ್ಕೆ ಎತ್ತಿದೆ. "ಕೈ ಬಿಡು, ನೋಡೋಣ" ಅಂದರು. ಬಿಟ್ಟೆ. ಅಲ್ಲೇ ನಿಂತಿತು.