ನಾಲ್ಕು ಸಾಲಿಗೆ ಒಂದು ಭಾನುವಾರ

14 ಜುಲೈ 2024, ಭಾನುವಾರ
ಕುವೆಂಪುನಗರ, ಮೈಸೂರು

ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಹೊರಗೆಲ್ಲೂ ಹೋಗದೆ ಪೈಥಾನ್ ಪ್ರೋಗ್ರಾಮಿಂಗ್ ಅಭ್ಯಾಸಗಳ ಪುಟ ತಿದ್ದುತ್ತಾ ಕೂತಿದ್ದೆ.

ಕಾರಣ ನಿನ್ನೆ ರಾತ್ರಿ ಬಂದ ಫೋನು. ನಮ್ಮ ಶನಿವಾರದ ಕ್ಲಾಸಿಗೆ ಶ್ರೀರಂಗಪಟ್ಟಣದಿಂದ ಬಸ್ಸಲ್ಲಿ ಬರುವ ಹುಡುಗಿ. ಲೀಪ್ ಇಯರ್ ಲೆಕ್ಕದಲ್ಲಿ ಬುಧವಾರದಿಂದ ಸಿಕ್ಕಿಹಾಕಿಕೊಂಡಿದ್ದಳಂತೆ. ನೋಟ್‌ಬುಕ್ಕಿನ ಫೋಟೋ ಕಳಿಸಿದಳು. ಮೊದಲ ಪುಟದಲ್ಲೇ ಸರಿಯಾದ ಉತ್ತರ ಇತ್ತು: ನಾಲ್ಕರಿಂದ ಭಾಗವಾಗಬೇಕು, ನೂರರಿಂದ ಆಗಬಾರದು, ಆದರೆ 400ರಿಂದ ಆದರೆ ಸರಿ. ಅದರ ಮೇಲೆ ಅಡ್ಡಗೀಟು. ಆಮೇಲಿನ ಮೂರು ಪುಟ ತುಂಬಾ ಬೇರೆ ಬೇರೆ ಪ್ರಯತ್ನ.

"ಯಾಕಮ್ಮ ಹೊಡೆದು ಹಾಕಿದೆ?" ಅಂದೆ. "ರನ್ ಮಾಡಿದೆ ಸರ್, ಏನೂ ಬರಲಿಲ್ಲ."

ಬರುವುದೇ ಇಲ್ಲ. ಆ ಫೈಲಿನಲ್ಲಿ ಇರುವುದು ಒಂದು ಫಂಕ್ಷನ್ (ಹೆಸರಿಟ್ಟ ಕೋಡಿನ ತುಂಡು) ಮಾತ್ರ. ಅದನ್ನು ಕರೆಯುವವರು ಯಾರೂ ಇಲ್ಲ. ಕರೆಯುವುದು, ಉತ್ತರ ಸರಿಯೇ ಎಂದು ಪರೀಕ್ಷಿಸುವ ಪಕ್ಕದ ಟೆಸ್ಟ್ ಫೈಲು. ನಮ್ಮ ಪುಟದಲ್ಲಿ "ಎಲ್ಲ ಟೆಸ್ಟ್ ಪಾಸ್ ಆಗಬೇಕು" ಎಂದಿದೆ, ಟೆಸ್ಟ್ ಓಡಿಸುವುದು ಹೇಗೆ ಎಂದು ಒಂದಕ್ಷರವೂ ಇಲ್ಲ. ಆ ಪುಟ ಬರೆದದ್ದು ನಾನು. ಮೂರು ದಿನ ಒಂದು ಮಗು ಸರಿಯಾದ ಉತ್ತರವನ್ನು ತಪ್ಪೆಂದು ಅಳಿಸಿತಲ್ಲ ಎಂದು ರಾತ್ರಿ ನಿದ್ದೆ ಬರಲಿಲ್ಲ. ಉತ್ತರ ಹೇಳಲಿಲ್ಲ. "ನಾಳೆ ಪುಟ ಕಳಿಸ್ತೀನಿ, ನೋಡ್ಕೊಂಡು ನೀನೇ ಓಡಿಸು" ಅಂದೆ.

ಬರೆಯಬೇಕಾದದ್ದು ನಾಲ್ಕು ಸಾಲು. ಟರ್ಮಿನಲ್ (ಕಮಾಂಡ್ ಟೈಪಿಸುವ ಕಿಟಕಿ) ತೆರೆ, ಅಭ್ಯಾಸದ ಫೋಲ್ಡರಿಗೆ ಹೋಗು, ಪೈಟೆಸ್ಟ್ (ಟೆಸ್ಟ್ ಓಡಿಸುವ ಪ್ರೋಗ್ರಾಂ) ಹಾಕಿಕೋ, ಓಡಿಸು. ಆದರೆ ಹೊಸದಾಗಿ ಹಾಕಿದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಉಬುಂಟು 24.04ರಲ್ಲಿ ಮೂರನೇ ಸಾಲಿಗೇ ತಡೆ: ಸಿಸ್ಟಮ್ಮಿನ ಪೈಥಾನಿಗೆ, ಪ್ಯಾಕೇಜ್ ಹಾಕುವ ಸಾಧನವಾದ ಪಿಪ್‌ನಿಂದ ಏನನ್ನೂ ಸೇರಿಸಲು ಅದು ಬಿಡುವುದಿಲ್ಲ. ಮೊದಲು ಈ ಕೆಲಸಕ್ಕಷ್ಟೇ ಪ್ರತ್ಯೇಕವಾದ ಪೈಥಾನ್ ಜಾಗ, ಅಂದರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಬೇಕು. ತಮ್ಮನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಅಂತ ಟೈಪಿಸಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡಿತು. 'ಪಿವೈ' ಅಂತ ಎರಡೇ ಅಕ್ಷರ ಕೊಟ್ಟರೆ ಕೆಲಸ ಆಯಿತು. ಎರಡನ್ನೂ ಬೇರೆ ಬೇರೆಯಾಗಿ ಬರೆದೆ.

ಹೆಚ್ಚು ಹೊತ್ತು ಹಿಡಿದದ್ದು ಔಟ್‌ಪುಟ್ ವಿವರಿಸುವುದು. ಖಾಲಿ ಫಂಕ್ಷನ್ ಇಟ್ಟು ಓಡಿಸಿದರೆ ನಾಲ್ಕು ಟೆಸ್ಟಿಗೆ ನಾಲ್ಕು ಎಫ್ (ಫೇಲ್), ಪರದೆ ತುಂಬಾ ಕೆಂಪು. ಹೊಸಬರು ಏನೋ ಕೆಟ್ಟುಹೋಯಿತು ಅಂತ ಮುಚ್ಚಿಬಿಡುತ್ತಾರೆ. ಹಾಗಾಗಿ ಅದೇ ಕೆಂಪನ್ನು ಪುಟದಲ್ಲಿ ಅಂಟಿಸಿ, "ಶುರುವಿನಲ್ಲಿ ಹೀಗೇ ಬರಬೇಕು" ಎಂದು ಬರೆದೆ. ಆಮೇಲೆ ನಾಲ್ಕರಿಂದ ಭಾಗಿಸುವ ನಿಯಮ ಮಾತ್ರ ಹಾಕಿ ಓಡಿಸಿದೆ: 2024, 2023, 2000 ಮೂರಕ್ಕೂ ಚುಕ್ಕಿ (ಪಾಸ್), 1900ಕ್ಕೆ ಎಫ್. ಅದರ ಕೆಳಗೆ ಇಂಗ್ಲಿಷ್ 'ಇ' ಅಕ್ಷರದಿಂದ ಶುರುವಾಗುವ ಸಾಲು: ಟ್ರೂ ಬಂದಿದೆ, ಫಾಲ್ಸ್ ಬರಬೇಕಿತ್ತು. ಮೊದಲು ಓದಬೇಕಾದ ಸಾಲು ಅದೇ, ಅಂತ ಬಾಣದ ಗುರುತು ಹಾಕಿದೆ.

ಇನ್ನೊಂದು ನೆನಪಾಯಿತು. ಹೋದ ತಿಂಗಳು ಒಬ್ಬ ಹುಡುಗ ಟೆಸ್ಟ್ ಫೈಲಿಗೆ ತನ್ನ ಹೆಸರಿಟ್ಟಿದ್ದ. ಫೈಲಿನ ಹೆಸರು ಟೆಸ್ಟ್ ಮತ್ತು ಅಂಡರ್‌ಸ್ಕೋರ್‌ನಿಂದ ಶುರುವಾಗದೆ, ಅಂಡರ್‌ಸ್ಕೋರ್ ಮತ್ತು ಟೆಸ್ಟ್‌ನಿಂದ ಮುಗಿಯದೆಯೂ ಇದ್ದರೆ, ಪೈಟೆಸ್ಟ್ ತಾನಾಗಿ ಅದನ್ನು ಹುಡುಕುವುದಿಲ್ಲ. 'ನೋ ಟೆಸ್ಟ್ಸ್ ರ್‍ಯಾನ್' ಬಂದದ್ದನ್ನು ತಪ್ಪೇ ಇಲ್ಲ ಎಂದು ತಿಳಿದು ಖುಷಿಯಾಗಿ ಮನೆಗೆ ಹೋಗಿದ್ದ. ಅದಕ್ಕೇ ಕೊನೆಗೆ ಸೇರಿಸಿದೆ: 4 ಪಾಸ್ಡ್ ಅಂತ ಎಣಿಕೆ ಕಂಡರೆ ಮಾತ್ರ ಮುಗಿಯಿತು.

ಇಷ್ಟೆಲ್ಲ ಯಾಕೆ, ಹುಡುಕಿಕೊಳ್ಳಲಿ ಬಿಡಿ ಅನ್ನುತ್ತಾರೆ ಜೊತೆಗೆ ಪಾಠ ಮಾಡುವ ಗೆಳೆಯರು. ನಾನು ಒಪ್ಪುವುದಿಲ್ಲ. 1900 ಯಾಕೆ ಲೀಪ್ ಇಯರ್ ಅಲ್ಲ ಅಂತ ಮಕ್ಕಳು ತಲೆ ಕೆಡಿಸಿಕೊಳ್ಳಲಿ. ಯಾವ ಕಮಾಂಡ್ ಕೊಡಬೇಕು ಅನ್ನುವುದಕ್ಕೆ ಮೂರು ದಿನ ಹೋಗಬಾರದು.

ಐದು ಗಂಟೆಗೆ ಪುಟ ಕಳಿಸಿದೆ. ಆರೂವರೆಗೆ ಅವಳ ಮೆಸೇಜು: "4 ಪಾಸ್ಡ್ ಬಂತು ಸರ್. ಬುಧವಾರ ಹೊಡೆದು ಹಾಕಿದ್ದನ್ನೇ ಟೈಪ್ ಮಾಡಿದೆ."

ಇನ್ನೂ ಹನ್ನೊಂದು ಅಭ್ಯಾಸಗಳ ಪುಟಕ್ಕೆ ಇದೇ ಸೇರಿಸಬೇಕು. ಎರಡು ಈಗಲೇ ಮಾಡಿ ಮಲಗುತ್ತೇನೆ.