ಮಾಂಟ್‌ಗಮರಿಯನ್ನು ಯಾವ ಕ್ರಮದಲ್ಲಿ ನೋಡಬೇಕು

ಅಟ್ಲಾಂಟಾ ಕಡೆಯ ಕನ್ನಡಿಗರಿಗೆ ಅಲಬಾಮದ ಮಾಂಟ್‌ಗಮರಿ ಒಂದು ದಿನದ ದಾರಿ. ಐ-85 ಹಿಡಿದರೆ ಸುಮಾರು 260 ಕಿ.ಮೀ., ಎರಡೂವರೆ ತಾಸು. ಅಲಬಾಮ ಗಡಿ ದಾಟಿದ ಕೂಡಲೇ ಗಡಿಯಾರ ಒಂದು ತಾಸು ಹಿಂದೆ ಸರಿಯುವುದರಿಂದ ಬೆಳಿಗ್ಗೆ ಏಳಕ್ಕೆ ಹೊರಟವರು ಅಲ್ಲಿನ ಎಂಟೂವರೆಗೆ ಊರು ಸೇರುತ್ತಾರೆ. ವಾಪಸು ಬರುವಾಗ ಆ ತಾಸು ಕೈತಪ್ಪುತ್ತದೆ. ಅಮೆರಿಕದ ಕರಿಯರು ಪಟ್ಟ ಪಾಡನ್ನು ತೋರಿಸುವ ಲೆಗಸಿ ಮ್ಯೂಸಿಯಂ, ಲಿಂಚಿಂಗ್‌ಗೆ (ಗುಂಪು ಸೇರಿ ಕೊಲ್ಲುವುದಕ್ಕೆ) ಬಲಿಯಾದವರ ನೆನಪಿಗೆ ಗುಡ್ಡದ ಮೇಲಿರುವ ಸ್ಮಾರಕ ಮತ್ತು ನದಿ ದಂಡೆಯ ಶಿಲ್ಪವನ ಮೂರಕ್ಕೂ ಸೇರಿ ಒಂದೇ ಟಿಕೆಟ್, ಐದು ಡಾಲರ್. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ನೋಡಿಕೊಂಡು ಹೊರಡಬೇಕು. ಮೂರನ್ನೂ ಕಟ್ಟಿದ್ದು ವಕೀಲ ಬ್ರಯಾನ್ ಸ್ಟೀವನ್‌ಸನ್ 1989ರಲ್ಲಿ ಶುರುಮಾಡಿದ ಈಕ್ವಲ್ ಜಸ್ಟಿಸ್ ಇನಿಶಿಯೇಟಿವ್.

ಬಹಳ ಮಂದಿ ಫೋಟೊಗಳಲ್ಲಿ ಕಂಡ ಸ್ಮಾರಕಕ್ಕೇ ಮೊದಲು ಓಡುತ್ತಾರೆ. ಹಾಗೆ ಮಾಡಬಾರದು. ಮ್ಯೂಸಿಯಂ ಮೊದಲು, ಅದಕ್ಕೆ ಮೂರು ತಾಸಾದರೂ ಬೇಕು. ಒಳಗೆ ಫೋಟೊ ತೆಗೆಯುವಂತಿಲ್ಲ, ಅದು ಒಳ್ಳೆಯದೇ. ಗುಲಾಮರನ್ನು ದುಡಿಸುತ್ತಿದ್ದ ಹತ್ತಿಯ ಗೋದಾಮು ಇದ್ದ ಜಾಗ ಅದು. ಗುಲಾಮಗಿರಿ, ಲಿಂಚಿಂಗ್, ಬಿಳಿಯರಿಗೊಂದು ಕರಿಯರಿಗೊಂದು ಎಂಬ ಕಾನೂನು, ಇವತ್ತಿನ ಜೈಲು, ಈ ನಾಲ್ಕನ್ನೂ ಒಂದೇ ಎಳೆಯಲ್ಲಿ ತೋರಿಸುತ್ತಾರೆ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮಣ್ಣಿನ ಜಾಡಿಗಳ ಮುಂದೆ. ಕಪಾಟಿನ ತುಂಬ ಗಾಜಿನ ಜಾಡಿಗಳು, ಒಂದೊಂದರ ಮೇಲೂ ಲಿಂಚಿಂಗ್‌ನಲ್ಲಿ ಸತ್ತವರ ಹೆಸರು, ಊರು, ತಾರೀಕು. ಒಂದರಲ್ಲಿ ಎರೆಯಂಥ ಕಪ್ಪು ಮಣ್ಣು, ಪಕ್ಕದ್ದರಲ್ಲಿ ಕೆಂಪು ಜೇಡಿ, ಅದರಾಚೆ ಬರೀ ಮರಳು. ಇವನ್ನು ತುಂಬಿದ್ದು ಆಯಾ ಊರಿನವರೇ. ಮೊದಲು ಸ್ಥಳೀಯರ ಒಂದು ಗುಂಪು ಕಟ್ಟಬೇಕು. ಹಳೆಯ ಪತ್ರಿಕೆ, ದಾಖಲೆ ಹುಡುಕಿ ಕೊಲೆ ನಡೆದ ಜಾಗ ಗುರುತಿಸಬೇಕು. ಆಮೇಲೆ ಅಲ್ಲಿ ಸೇರಿ ಮಣ್ಣು ಅಗೆದು ಜಾಡಿಗೆ ಹಾಕಬೇಕು. ನೇಣು ಹಾಕಿದ ಮರ ಎಂದೋ ಉರುಳಿರುತ್ತದೆ, ಜಾಗದ ಮೇಲೆ ರಸ್ತೆ ಹಾದಿರುತ್ತದೆ. ಆಗ ಹತ್ತಿರದ ಮಣ್ಣೇ ಗತಿ. ಮುಂದಿನ ಹಂತದಲ್ಲಿ ಊರಿನಲ್ಲೇ ಆ ಕೊಲೆಯನ್ನು ನೆನಪಿಸುವ ಒಂದು ಫಲಕ ಏಳುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ. ಅಂಥ ಫಲಕಗಳಿಗೆ ಏನಾಗಬಹುದು ಎಂಬುದಕ್ಕೆ ಮಿಸಿಸಿಪಿಯಲ್ಲಿ ಬಿಳಿಯರು ಕೊಂದ ಎಮೆಟ್ ಟಿಲ್ ಎಂಬ ಕರಿಯ ಹುಡುಗನ ಶವ ಸಿಕ್ಕ ನದಿದಂಡೆಯ ಫಲಕವೇ ಸಾಕ್ಷಿ. ಒಂದು ಕಳುವಾಯಿತು, ಆಮೇಲಿನವು ಗುಂಡಿನೇಟಿಗೆ ಜರಡಿಯಾದವು. ಕೊನೆಗೆ 2019ರಲ್ಲಿ ನೆಟ್ಟದ್ದು 500 ಪೌಂಡಿಗೂ ಹೆಚ್ಚು ತೂಕದ, ಗುಂಡು ತೂರದ ಉಕ್ಕಿನ ಫಲಕ.

ಮ್ಯೂಸಿಯಮ್ಮಿನ ಕೊನೆಯ ಭಾಗದಲ್ಲಿ ಜೈಲಿನ ಮುಲಾಖತ್ ಕಿಂಡಿಗಳಿವೆ. ಫೋನ್ ಎತ್ತಿಕೊಂಡರೆ ಗಾಜಿನಾಚೆಯ ತೆರೆಯಿಂದ ಕೈದಿ ಮಾತಾಡುತ್ತಾನೆ. ಅಲಬಾಮದ ಬಡ ಕರಿಯ ಆಂಥನಿ ರೇ ಹಿಂಟನ್ ಮೊಕದ್ದಮೆ ತಿಳಿದು ಅಲ್ಲಿ ಕೂತರೆ ವಿಷಯ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. ಕೊಲೆ ಆರೋಪದ ಮೇಲೆ 1985ರಲ್ಲಿ ಬಂಧನ. ಇದ್ದ ಮುಖ್ಯ ಸಾಕ್ಷ್ಯವೆಂದರೆ ಗುಂಡುಗಳು ಅವನ ತಾಯಿಯ ರಿವಾಲ್ವರಿನವು ಎಂಬ ವಾದ. ಅದನ್ನು ಒಡೆಯಲು ಪರಿಣತ ಬೇಕು. ಪರಿಣತನ ಖರ್ಚಿಗೆ ಸಾವಿರ ಡಾಲರಿಗಿಂತ ಹೆಚ್ಚು ಸಿಗದು ಎಂದು ಸರ್ಕಾರ ನೇಮಿಸಿದ ವಕೀಲ ತಿಳಿದುಕೊಂಡಿದ್ದ. ಮಿತಿ ಆಗಲೇ ರದ್ದಾಗಿತ್ತು, ಕಾನೂನು ತಿರುವಿ ನೋಡಲಿಲ್ಲ. ಆ ದುಡ್ಡಿಗೆ ಒಪ್ಪಿದವನು ಒಂದೇ ಕಣ್ಣು ಕಾಣುತ್ತಿದ್ದ ಎಂಜಿನಿಯರ್. ಸೂಕ್ಷ್ಮದರ್ಶಕ ಬಳಸಲು ತಿಣುಕಾಡಿದ್ದನ್ನು ಸರ್ಕಾರಿ ವಕೀಲ ಪಾಟೀಸವಾಲಿನಲ್ಲಿ ಜೂರಿಯ ಮುಂದೆ ಬಯಲಿಗೆಳೆದ. ಮರಣದಂಡನೆ ಆಯಿತು. ನಿಜವಾದ ಪರಿಣತರು 2002ರಲ್ಲೇ ಗುಂಡು ಆ ರಿವಾಲ್ವರಿನದೆಂದು ಹೇಳಲಾಗದು ಎಂದರೂ ಬಿಡುಗಡೆಗೆ 2015 ಬರಬೇಕಾಯಿತು. ಬಡತನ ಮತ್ತು ಬಣ್ಣ ಎರಡೂ ಒಂದೇ ಫೈಲಿನಲ್ಲಿ ಕೂತಾಗ ನಡೆಯುವುದು ಇದು. ಯಾರೂ ಸುಳ್ಳು ಹೇಳಬೇಕಾಗಿಯೂ ಇಲ್ಲ.

ಮಾಡದ ಕೊಲೆಗೆ ಸಿಕ್ಕಿಬಿದ್ದ ಇನ್ನೊಬ್ಬ ಕರಿಯ ವಾಲ್ಟರ್ ಮೆಕ್‌ಮಿಲಿಯನ್ ಮೊಕದ್ದಮೆ ಇನ್ನೊಂದು ಬಗೆಯದು. ವಿಚಾರಣೆಯನ್ನು ಕರಿಯರು ಸುಮಾರು ಶೇ. 40ರಷ್ಟಿದ್ದ ಕೌಂಟಿಯಿಂದ ಬಿಳಿಯರೇ ತುಂಬಿದ್ದ ಕೌಂಟಿಗೆ ಸಾಗಿಸಿದರು. 1988ರಲ್ಲಿ ಜೂರಿ ಜೀವಾವಧಿ ಸಾಕು ಎಂದಿತು, ನ್ಯಾಯಾಧೀಶ ಅದನ್ನು ಬದಿಗಿಟ್ಟು ಮರಣದಂಡನೆ ಬರೆದ. ಆ ನ್ಯಾಯಾಧೀಶನ ಹೆಸರು ರಾಬರ್ಟ್ ಇ. ಲೀ ಕೀ. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಕಾದಿದ ದಕ್ಷಿಣದ ಸೇನಾಪತಿ ಲೀಯ ಹೆಸರು ಕಲ್ಲಿನಲ್ಲಷ್ಟೇ ಇರಲಿಲ್ಲ! ಮೆಕ್‌ಮಿಲಿಯನ್ 1993ರಲ್ಲಿ ಹೊರಬಂದ. ಜೂರಿಯ ಮಾತನ್ನು ಮೀರುವ ಆ ಅಧಿಕಾರವನ್ನು ಅಲಬಾಮ ತೆಗೆದದ್ದು 2017ರಲ್ಲಿ, ಅದೂ ಮುಂದಿನ ಮೊಕದ್ದಮೆಗಳಿಗೆ ಮಾತ್ರ.

ಊಟ ಮುಗಿಸಿ ಸ್ಮಾರಕಕ್ಕೆ. 2018ರಲ್ಲಿ ತೆರೆದ, ಆರು ಎಕರೆಯ ಜಾಗ. ಲಿಂಚಿಂಗ್ ನಡೆದ ಒಂದೊಂದು ಕೌಂಟಿಗೂ ಒಂದೊಂದು, ಹೀಗೆ 800ಕ್ಕೂ ಹೆಚ್ಚು ಉಕ್ಕಿನ ಪೆಟ್ಟಿಗೆಗಳು, ಆರಡಿ ಎತ್ತರದವು. ಉಕ್ಕು ಬೇಕೆಂದೇ ತುಕ್ಕು ಹಿಡಿಯುವ ಕೋರ್ಟೆನ್; ಮೇಲಿನ ತುಕ್ಕೇ ಒಳಗಿನ ಲೋಹವನ್ನು ಕಾಯುತ್ತದೆ. ಒಳಹೊಕ್ಕಾಗ ಪೆಟ್ಟಿಗೆಗಳು ಎದುರಿಗೆ ನಿಂತಿರುತ್ತವೆ, ಹೆಸರು ಓದಬಹುದು. ನೆಲ ನಿಧಾನ ಇಳಿಯುತ್ತದೆ, ಪೆಟ್ಟಿಗೆಗಳು ಇದ್ದಲ್ಲೇ ಇರುತ್ತವೆ. ಸುತ್ತು ಮುಗಿಯುವಷ್ಟರಲ್ಲಿ ಅವು ತಲೆಯ ಮೇಲೆ ತೂಗುತ್ತಿರುತ್ತವೆ, ಕತ್ತೆತ್ತಿದರೂ ಹೆಸರು ಸಿಗುವುದಿಲ್ಲ. ಅದಕ್ಕೇ ತಿಳಿದವರು ಮೊದಲ ಸಾಲಲ್ಲೇ ತಡೆದು ತಡೆದು ಓದುತ್ತಾರೆ. ಗೋಡೆಯಲ್ಲಿ ಸಣ್ಣ ಸಣ್ಣ ಬರಹಗಳಿವೆ: 1940ರಲ್ಲಿ ಅಲಬಾಮದ ಲುವರ್ನ್‌ನಲ್ಲಿ ಜೆಸ್ಸಿ ಥಾರ್ನ್‌ಟನ್‌ನನ್ನು ಕೊಂದದ್ದು ಬಿಳಿಯ ಪೊಲೀಸನ ಹೆಸರಿಗೆ ‘ಮಿಸ್ಟರ್’ ಸೇರಿಸಲಿಲ್ಲವೆಂದು. 1877ರಿಂದ 1950ರವರೆಗಿನ ಇಂಥ ಸಾವುಗಳ ಲೆಕ್ಕ 4,400ಕ್ಕೂ ಮೇಲೆ. ಹೊರಗೆ ಅವೇ ಪೆಟ್ಟಿಗೆಗಳ ಜೋಡಿಗಳು ಸಾಲಾಗಿ ಮಲಗಿವೆ. ಆಯಾ ಕೌಂಟಿಯವರು ಬಂದು ತಮ್ಮದನ್ನು ಒಯ್ದು ಊರಲ್ಲಿ ನಿಲ್ಲಿಸಲಿ ಎಂಬುದು ಉದ್ದೇಶ.

ಸಂಜೆ ರಾಜ್ಯ ವಿಧಾನಸೌಧದ ಮೆಟ್ಟಿಲು ಹತ್ತಬೇಕು. 1861ರಲ್ಲಿ ಜೆಫರ್ಸನ್ ಡೇವಿಸ್ ಗುಲಾಮಗಿರಿಯ ಪರ ನಿಂತು ದೇಶದಿಂದ ಬೇರೆಯಾದ ದಕ್ಷಿಣ ರಾಜ್ಯಗಳ ಒಕ್ಕೂಟದ ಅಧ್ಯಕ್ಷನಾಗಿ ಪ್ರಮಾಣ ಮಾಡಿದ ಜಾಗದಲ್ಲಿ ಲೋಹದ ನಕ್ಷತ್ರ ಕೂರಿಸಿದ್ದಾರೆ. ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದ ಚರ್ಚು ಕೂಗಳತೆಯಲ್ಲಿದೆ. ಡೇವಿಸ್‌ನ ಪ್ರತಿಮೆ ನಿಂತದ್ದು 1940ರಲ್ಲಿ, ಅಂತರ್ಯುದ್ಧ ಮುಗಿದು ಮುಕ್ಕಾಲು ಶತಮಾನದ ಮೇಲೆ.

ಕಲ್ಲು ಸುಮ್ಮನೆ ಇರುತ್ತದೆ, ತೀರ್ಪಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಟೆನೆಸಿಯ ಜೈಲ್ಸ್ ಕೌಂಟಿ ಕೋರ್ಟಿನಲ್ಲಿ ಜೂರಿ ಕೂತು ಚರ್ಚಿಸುವ ಕೋಣೆಯ ಗೋಡೆಯಲ್ಲೇ ಆ ಒಕ್ಕೂಟದ ಬಾವುಟ ಮತ್ತು ಡೇವಿಸ್‌ನ ಚಿತ್ರ ಇದ್ದವು. ಅಲ್ಲಿ ಕೂತ ಬಿಳಿಯರ ಜೂರಿ ಕರಿಯನೊಬ್ಬನನ್ನು ತಪ್ಪಿತಸ್ಥನೆಂದಿತು. 2021ರಲ್ಲಿ ಮೇಲ್ಮನವಿ ಕೋರ್ಟು, ಆ ಕೋಣೆಯ ಪ್ರಭಾವವೂ ವಿಚಾರಣೆಯನ್ನು ಕೆಡಿಸಬಲ್ಲದು ಎಂದು ಹೊಸ ವಿಚಾರಣೆಗೆ ಆದೇಶಿಸಿತು.

ಇಂಥ ಪ್ರತಿಮೆ, ಹೆಸರುಗಳನ್ನು ತೆಗೆಯಲು ಹೊರಟವರಿಗೆ ಅಲಬಾಮದಲ್ಲಿ 2017ರ ಕಾಯಿದೆ ಅಡ್ಡ ಬರುತ್ತದೆ: ಸಾರ್ವಜನಿಕ ಜಾಗದಲ್ಲಿ 40 ವರ್ಷ ದಾಟಿದ ಸ್ಮಾರಕ ಮುಟ್ಟುವಂತಿಲ್ಲ, ರಸ್ತೆಯ ಹೆಸರೂ ಬದಲಿಸುವಂತಿಲ್ಲ. ಮೀರಿದರೆ 25,000 ಡಾಲರ್ ದಂಡ. ಆದರೆ ದಂಡ ಒಂದೇ ಸಲದ್ದು, ದಿನಕ್ಕಿಷ್ಟು ಎಂದಲ್ಲ ಎಂದು 2019ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಹೇಳಿತು. ಬರ್ಮಿಂಗ್‌ಹ್ಯಾಮ್ 2020ರಲ್ಲಿ ತನ್ನ ಉದ್ಯಾನದಲ್ಲಿದ್ದ, ಆ ಒಕ್ಕೂಟದ ಸೈನಿಕರ ಸ್ಮಾರಕ ಕಂಬವನ್ನು ಇಳಿಸಿಯೇಬಿಟ್ಟಿತು. ಮಾಂಟ್‌ಗಮರಿ 2021ರಲ್ಲಿ ಜೆಫ್ ಡೇವಿಸ್ ಅವೆನ್ಯೂಗೆ, ಅದೇ ರಸ್ತೆಯಲ್ಲಿ ಬೆಳೆದ, ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡದ ರೋಸಾ ಪಾರ್ಕ್ಸ್ ಪರ ವಾದಿಸಿದ ವಕೀಲ ಫ್ರೆಡ್ ಗ್ರೇ ಹೆಸರಿಟ್ಟು ದಂಡ ಕಟ್ಟಿತು. ದೊಡ್ಡ ಊರುಗಳಿಗೆ ಅಷ್ಟು ಹಣ ಎತ್ತಿಡುವುದು ಆಗುವ ಮಾತು. ಸಣ್ಣ ಕೌಂಟಿಗಳ ಖಜಾನೆಯಲ್ಲಿ ಅದಕ್ಕೆ ಎಡೆಯಿಲ್ಲ, ಆ ಒಕ್ಕೂಟದ ಸಿಪಾಯಿಯ ಪ್ರತಿಮೆಗಳು ನಿಂತಿರುವುದೂ ಅಂಥ ಕಡೆಯ ಕೋರ್ಟುಗಳ ಮುಂದೆಯೇ.