ಡೊಂಬಿವಲಿಯ ಭಾನುವಾರದ ಕೂಟ: ನಾಲ್ಕನೆಯ ತಿಂಗಳ ಟಿಪ್ಪಣಿ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಕನ್ನಡ ಕುಟುಂಬಗಳಿಗಾಗಿ ನಾವು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯದ ಕೂಟ ನಡೆಸುತ್ತೇವೆ. ಮೊದಲ ಕೂಟಕ್ಕೆ "ಮಾನಸಿಕ ಕಾಯಿಲೆಗಳ ಬಗ್ಗೆ ಮಾಹಿತಿ" ಎಂದು ಬರೆದು ಕಟ್ಟಡದ ಫಲಕಕ್ಕೆ ಅಂಟಿಸಿದ್ದೆವು. ಬಂದವರು ನಾಲ್ವರು, ಅವರಲ್ಲಿ ಮೂವರು ನಮ್ಮ ಬಳಗದವರೇ. ಆ ಹಾಳೆಯನ್ನು ನಿಂತು ಓದಿದರೆ ನೆರೆಮನೆಯವರು ಏನೆಂದುಕೊಂಡಾರು ಎಂಬ ಅಳುಕಿತ್ತೆಂದು ಒಬ್ಬ ತಾಯಿ ಆಮೇಲೆ ತಿಳಿಸಿದರು. ಮುಂದಿನ ತಿಂಗಳು "ನಿದ್ದೆ ಬರುತ್ತಿಲ್ಲವೇ? ಪರೀಕ್ಷೆಯ ಭಯವೇ?" ಎಂದು ಬರೆದಾಗ ಹದಿನೇಳು ಮಂದಿ ಬಂದರು.

ಈ ನಾಲ್ಕು ತಿಂಗಳಲ್ಲಿ ನಮಗೆ ಹೆಚ್ಚು ಕಲಿಸಿದ್ದು ಮಾತಿನ ತೊಡಕು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಮರಾಠಿ, ಹಿಂದಿಯ ನಡುವೆ "ಡಿಪ್ರೆಶನ್" ಎನ್ನುತ್ತಾರೆ. ಉಡುಪಿ, ಕಲಬುರಗಿ ಕಡೆಯಿಂದ ಬಂದ ಹಿರಿಯರ ಬಾಯಿಗೆ ಮೊದಲು ಬರುವುದು "ಹುಚ್ಚು", "ತಲೆ ಕೆಟ್ಟಿದೆ" ಎಂಬ ಮಾತು. ಕಾಲೇಜಿನ ಹುಡುಗಿಯೊಬ್ಬಳು "ಖಿನ್ನತೆ" ಎಂದಾಗಲೂ ಅವಳ ತಾಯಿಗೆ ಅರ್ಥವಾಗಲಿಲ್ಲ. "ಎರಡು ವಾರವಾಯಿತಮ್ಮ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ" ಎಂದಾಗ ಆಕೆ ಮಗಳ ಕೈ ಹಿಡಿದುಕೊಂಡರು. ಇಂತಹ ಲಕ್ಷಣಗಳು ಎರಡು ವಾರ ಬಿಡದೆ ಇದ್ದರೆ ಖಿನ್ನತೆಯ ಸಾಧ್ಯತೆಯನ್ನು ವೈದ್ಯರೂ ಪರಿಶೀಲಿಸುತ್ತಾರೆ. ಅಂದಿನಿಂದ ಕಾಯಿಲೆಗಳ ಹೆಸರಿನ ಪಟ್ಟಿಯನ್ನು ಬಿಟ್ಟು, ಮನೆಯಲ್ಲಿ ಆಡಬಹುದಾದ ಕನ್ನಡ ವಾಕ್ಯಗಳನ್ನು ಮಕ್ಕಳಿಂದಲೇ ಬರೆಸುತ್ತಿದ್ದೇವೆ.

ಮೂರನೆಯ ಕೂಟದಲ್ಲಿ ಹೋಟೆಲಿನಲ್ಲಿ ದುಡಿಯುವ ತಂದೆಯೊಬ್ಬರು, ಜೀವ ಕಳೆದುಕೊಳ್ಳಲು ಹೋಗಿ ಉಳಿದವನನ್ನು ಪೊಲೀಸರು ಹಿಡಿಯುವುದಿಲ್ಲವೇ ಎಂದು ಕೇಳಿದರು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೆಯ ಕಲಮು ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ, ಅವರಿಗೆ ಆರೈಕೆ ಒದಗಿಸುವುದನ್ನು ಸರ್ಕಾರದ ಕರ್ತವ್ಯವೆನ್ನುತ್ತದೆ ಎಂದು ವಿವರಿಸಿದೆವು. ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿಡಿಸಿಕೊಳ್ಳುವ ಹಕ್ಕೂ ಅದೇ ಕಾಯ್ದೆಯಲ್ಲಿದೆ ಎಂದಾಗ ಅವರು ಅದನ್ನು ಎರಡು ಸಲ ಹೇಳಿಸಿದರು. ಇಷ್ಟು ಮುಖ್ಯವಾದ ವಿಷಯವನ್ನು ಮೊದಲ ತಿಂಗಳೇ ಹೇಳದಿದ್ದುದು ನಮ್ಮ ತಪ್ಪು.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416ನ್ನು ಚೀಟಿಗಳಲ್ಲಿ ಅಚ್ಚು ಹಾಕಿಸಿದ್ದೇವೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಚೀಟಿ ಜೇಬಿಗೆ ಹಿಡಿಯುವಷ್ಟು ಚಿಕ್ಕದಿರಲಿ ಎಂಬುದು ಮಕ್ಕಳ ಸಲಹೆ.

ಚಿಕಿತ್ಸೆಯಿಂದ ಚೇತರಿಸಿಕೊಂಡವರ ಮಾತನ್ನು ಎದುರಿಗೆ ಕುಳಿತು ಕೇಳಿದಾಗ ಭಯ ಕರಗುವಷ್ಟು ನಮ್ಮ ಉಪನ್ಯಾಸದಿಂದ ಕರಗದು ಎಂಬುದು ನನ್ನ ನಂಬಿಕೆ. ಒಬ್ಬ ಯುವಕ ಮಾತನಾಡಲು ಒಪ್ಪಿದ್ದಾನೆ. ಹೆಸರು ಹೇಳಬಾರದು, ಚಿತ್ರ ತೆಗೆಯಬಾರದು, ಬೇಡವೆನಿಸಿದರೆ ನಡುವೆಯೇ ನಿಲ್ಲಿಸುತ್ತೇನೆ ಎಂಬ ಅವನ ಮೂರು ಷರತ್ತುಗಳನ್ನು ಬಾಗಿಲಲ್ಲಿಯೇ ಎಲ್ಲರಿಗೂ ಓದಿ ಹೇಳಲಿದ್ದೇವೆ.